ಹೋಗಬಹುದಾಗಿದ್ದರೂ ಹೋಗದವರು: ಹೀಬ್ರೂವಿನ ‘ಹೆಸೆದ್’

ಹೀಬ್ರೂ ಬೈಬಲ್ಲಿನ 136ನೇ ಕೀರ್ತನೆಯಲ್ಲಿ 26 ವಚನಗಳಿವೆ. ಇಪ್ಪತ್ತಾರೂ ಒಂದೇ ಪಲ್ಲವಿಯಲ್ಲಿ ಮುಗಿಯುತ್ತವೆ: ‘ಕೀ ಲೆಓಲಾಮ್ ಹಸ್ದೋ’. ದೇವರು ಸೂರ್ಯನನ್ನು ಮಾಡಿದ, ಮತ್ತೆ ಆ ಪಲ್ಲವಿ. ಸಮುದ್ರವನ್ನು ಸೀಳಿದ, ಮತ್ತೆ ಪಲ್ಲವಿ. ಜೀವಿಗಳಿಗೆಲ್ಲ ಆಹಾರ ಕೊಡುತ್ತಾನೆ, ಮತ್ತೆ ಅದೇ. ಕನ್ನಡ ಬೈಬಲ್ ಓದಿದವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಇದು ‘ಆತನ ಕೃಪೆ ಶಾಶ್ವತ’ ಅನ್ನುವ ಅರ್ಥದಲ್ಲಿ ಬರುತ್ತದೆ.

‘ಹಸ್ದೋ’ ಅಂದರೆ ‘ಅವನ ಹೆಸೆದ್’. ಮೊದಲ ಅಕ್ಷರ ನಮ್ಮ ‘ಹ’ಗಿಂತ ಸ್ವಲ್ಪ ಒರಟು, ಗಂಟಲಿನಿಂದ ಬರುವಂಥದ್ದು. ಅದಕ್ಕೇ ಕೆಲವರು ‘ಖೆಸೆದ್’ ಅಂತಲೂ ಬರೆಯುತ್ತಾರೆ. ಹೀಬ್ರೂ ಬೈಬಲ್ಲಿನಲ್ಲಿ ಈ ಪದ ಸುಮಾರು 250 ಸಲ ಬರುತ್ತದೆ, ಅದರಲ್ಲಿ ಅರ್ಧದಷ್ಟು ಕೀರ್ತನೆಗಳಲ್ಲೇ.

ಇಷ್ಟು ಸಲ ಬರುವ ಪದಕ್ಕೆ ಎರಡು ಸಾವಿರ ವರ್ಷಗಳಿಂದ ಯಾವ ಭಾಷೆಯಲ್ಲೂ ಒಂದು ಗಟ್ಟಿ ಜೊತೆ ಸಿಕ್ಕಿಲ್ಲ. ಗ್ರೀಕಿಗೆ ತಂದವರು ‘ಎಲೆಯೋಸ್’ ಅಂದರು, ಮರುಕ ಅನ್ನುವ ಹಾಗೆ. ಲ್ಯಾಟಿನ್ನಿನವರು ‘ಮಿಸೆರಿಕಾರ್ಡಿಯಾ’ ಅಂದರು. 1535ರಲ್ಲಿ ಇಂಗ್ಲಿಷ್ ಬೈಬಲ್ ಅಚ್ಚು ಹಾಕಿಸಿದ ಮೈಲ್ಸ್ ಕವರ್ಡೇಲ್‌ಗೆ ಇದ್ದ ಪದ ಯಾವುದೂ ಸಾಕೆನಿಸಲಿಲ್ಲ. ‘ಲವಿಂಗ್‌ಕೈಂಡ್‌ನೆಸ್’ ಅಂತ ಎರಡು ಪದ ಅಂಟಿಸಿ ಹೊಸದೊಂದನ್ನು ಮಾಡಿದ. ಕನ್ನಡದಲ್ಲಿ ಇನ್ನೊಂದು ತಮಾಷೆ ಆಗಿದೆ. ಕೀರ್ತನೆಗಳಲ್ಲಿ ಹೆಸೆದ್ ಹೆಚ್ಚಾಗಿ ‘ಕೃಪೆ’ ಆಗಿದೆ. ಆದರೆ ಪ್ರವಾದಿ ಹೋಶೇಯನ ಮಾತನ್ನು ಯೇಸು ಎತ್ತಿ ಹೇಳುವಾಗ, ಮತ್ತಾಯನ ಸುವಾರ್ತೆಯಲ್ಲಿ, ದೇವರಿಗೆ ಯಜ್ಞ ಬೇಡ, ‘ಕರುಣೆ’ ಬೇಕು ಅಂತ ಓದುತ್ತೇವೆ. ಹೋಶೇಯ ಹೇಳಿದ್ದು ಹೆಸೆದ್. ಅದು ಗ್ರೀಕಿನ ಎಲೆಯೋಸ್ ದಾಟಿ ಕನ್ನಡಕ್ಕೆ ಬರುವಷ್ಟರಲ್ಲಿ ಕರುಣೆ ಆಯಿತು. ಅದೂ ಇದೂ ಒಂದೇ ಪದ ಅಂತ ಕನ್ನಡ ಓದುಗನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಹೆಸೆದ್ ಏನು ಅಂತ ತಿಳಿಯಲು ಅದರ ಅಕ್ಕಪಕ್ಕದ ಪದಗಳನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ಊಟ ಆದ ಮೇಲೆ ಯೆಹೂದ್ಯರು ಒಂದು ಪ್ರಾರ್ಥನೆ ಹೇಳುತ್ತಾರೆ, ‘ಬಿರ್ಕತ್ ಹಮಝೋನ್’. ದೇವರು ಲೋಕಕ್ಕೆಲ್ಲ ಊಟ ಇಡುವುದು ‘ಹೇನ್’, ‘ಹೆಸೆದ್’ ಮತ್ತು ‘ರಹಮೀಮ್’ಗಳಿಂದ ಅನ್ನುತ್ತದೆ ಅದು. ಸುಮ್ನೆ ಒಂದೇ ಅರ್ಥದ ಮೂರು ಪದ ಜೋಡಿಸಿದ್ದಲ್ಲ.

‘ಹೇನ್’ ಅಂದರೆ ದೊಡ್ಡವರ ಕಣ್ಣಿಗೆ ಬಿದ್ದು, ಅವರಿಗೆ ನಾವು ಹಿಡಿಸುವುದು. ಜಲಪ್ರಳಯದ ಮುಂಚೆ ನೋಹನಿಗೆ ಸಿಕ್ಕಿದ್ದು ಅದು. ‘ರಹಮೀಮ್’ ಬಂದಿರುವುದು ‘ರೆಹೆಮ್’ನಿಂದ, ಅಂದರೆ ಗರ್ಭ. ನಮಗೆ ಗೊತ್ತಿರುವ ಅರಬ್ಬಿಯ ರಹೀಮ್, ರಹಮತ್ ಇದೇ ಬೇರಿನವು. ಸೊಲೊಮೋನನ ಮುಂದೆ ಇಬ್ಬರು ಹೆಂಗಸರು ಮಗು ನನ್ನದು ಅಂತ ಜಗಳ ಆಡುತ್ತಾರೆ. ಕತ್ತಿ ತನ್ನಿ, ಕಡಿದು ಹಂಚೋಣ ಅಂತ ರಾಜ ಹೇಳಿದಾಗ ಹೆತ್ತವಳ ಒಳಗೆ ಆಗುವ ಸಂಕಟಕ್ಕೆ ಮೂಲದಲ್ಲಿರುವ ಪದ ರಹಮೀಮ್. ಕರುಳು ಚುರುಕ್ ಅನ್ನುವುದು ಅಂತೀವಲ್ಲ, ಅದೇ. ಮುಂಬೈಯ ಅತಿ ಹಳೆಯ ಸಿನಗಾಗಿನ, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರದ, ಹೆಸರಲ್ಲೂ ಈ ಪದ ಇದೆ: ‘ಶಾಅರ್ ಹರಹಮೀಮ್’, ಕರುಣೆಯ ಬಾಗಿಲು. ಅದನ್ನು 1796ರಲ್ಲಿ ಕಟ್ಟಿಸಿದ ಬೆನೆ ಇಸ್ರೇಲ್ ಸಮುದಾಯದ ಸಾಮಾಜಿ ಹಸಾಜಿ ದಿವೇಕರ್ ಬ್ರಿಟಿಷರ ಸೈನ್ಯದಲ್ಲಿದ್ದವನು. ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದು ಜೀವಂತ ವಾಪಸ್ ಬಂದ ಹರಕೆಗೆ ಕಟ್ಟಿಸಿದ ಅನ್ನುವುದು ಆ ಸಮುದಾಯದವರು ಹೇಳುತ್ತಾ ಬಂದ ಕಥೆ.

ಹೆಸೆದ್ ಇವೆರಡರ ಜಾತಿಯದಲ್ಲ. ವ್ಯಾಕರಣ ನೋಡಿದರೇ ತಿಳಿಯುತ್ತದೆ. ಬೈಬಲ್ಲಿನ ಹೀಬ್ರೂವಿನಲ್ಲಿ ಹೆಸೆದ್ ಯಾರಿಗೂ ‘ಅನಿಸುವುದಿಲ್ಲ’, ಒಳಗೆ ಉಕ್ಕಿ ಬರುವುದಿಲ್ಲ. ಅದನ್ನು ‘ಮಾಡುತ್ತಾರೆ’. ‘ಆಸಾ ಹೆಸೆದ್ ಇಮ್’ ಅನ್ನುವುದು ಮತ್ತೆ ಮತ್ತೆ ಬರುವ ಬಳಕೆ: ಒಬ್ಬರ ‘ಜೊತೆ’ ಹೆಸೆದ್ ಮಾಡುವುದು. ಹೀಗಾಗಿ ಅದು ಕೆಲಸ. ನಡುವೆ ಒಂದು ನಂಟು ಇದ್ದಾಗ, ಆ ನಂಟು ಇಕ್ಕಟ್ಟಿಗೆ ಸಿಕ್ಕಾಗ ಮಾಡುವ ಕೆಲಸ. ಇನ್ನೂ ಒಂದು ಷರತ್ತು ಇದೆ ಅನ್ನುವುದು ನನ್ನ ಓದು: ಮಾಡದೇ ಇದ್ದರೂ ಯಾರೂ ಬೈಯುವ ಹಾಗಿರಬಾರದು. ಇದನ್ನು ರೂತಳ ಕಥೆಯಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ.

ಕಥೆ ನಾಲ್ಕೇ ಅಧ್ಯಾಯ. ಬೇತ್ಲೆಹೇಮಿನಲ್ಲಿ ಬರ. ನೊವೊಮಿ ಗಂಡ, ಇಬ್ಬರು ಗಂಡುಮಕ್ಕಳ ಜೊತೆ ಪಕ್ಕದ ಮೋವಾಬ್ ದೇಶಕ್ಕೆ ಹೊಟ್ಟೆಪಾಡಿಗೆ ಹೋಗುತ್ತಾಳೆ. ಅಲ್ಲಿ ಗಂಡ ಸಾಯುತ್ತಾನೆ. ಮಕ್ಕಳು ಅಲ್ಲಿಯ ಹುಡುಗಿಯರನ್ನೇ ಮದುವೆ ಆಗುತ್ತಾರೆ, ಒರ್ಫಾ ಮತ್ತು ರೂತ್. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಕ್ಕಳೂ ಸಾಯುತ್ತಾರೆ. ಮೊಮ್ಮಕ್ಕಳಿಲ್ಲ. ಮೂವರು ವಿಧವೆಯರು ಉಳಿಯುತ್ತಾರೆ. ಊರಲ್ಲಿ ಮಳೆ ಬೆಳೆ ಆಗಿದೆ ಅಂತ ಕೇಳಿ ನೊವೊಮಿ ವಾಪಸ್ ಹೊರಡುತ್ತಾಳೆ, ಸೊಸೆಯರೂ ಹೊರಡುತ್ತಾರೆ. ದಾರಿಯಲ್ಲಿ ಅತ್ತೆ ನಿಂತು ಹೇಳುತ್ತಾಳೆ: ನಿಮ್ಮ ತವರಿಗೆ ಹೋಗಿ. ಸತ್ತವರ ಜೊತೆ, ನನ್ನ ಜೊತೆ ನೀವು ಹೆಸೆದ್ ಮಾಡಿದ ಹಾಗೇ ದೇವರು ನಿಮ್ಮ ಜೊತೆ ಹೆಸೆದ್ ಮಾಡಲಿ.

ಈ ಮಾತು ಇಬ್ಬರಿಗೂ ಸೇರಿ ಹೇಳಿದ್ದು. ಒರ್ಫಾ ಅಳುತ್ತಾಳೆ, ಅತ್ತೆಗೆ ಮುತ್ತಿಟ್ಟು ತಿರುಗಿ ಹೋಗುತ್ತಾಳೆ. ಕಥೆ ಅವಳನ್ನು ಒಂದು ಮಾತೂ ಅನ್ನುವುದಿಲ್ಲ. ಅವಳು ಮಾಡಿದ್ದು ತಪ್ಪಲ್ಲ, ಅತ್ತೆ ಹೇಳಿದ ಹಾಗೇ ಕೇಳಿದಳು. ಗಂಡ ಇಲ್ಲ, ಮಗು ಇಲ್ಲ, ಆ ಮನೆಗೆ ಕಟ್ಟಿಹಾಕುವಂಥ ಯಾವ ಕಾನೂನೂ ಇಲ್ಲ. ರೂತ್ ಮಾತ್ರ ಹೋಗುವುದಿಲ್ಲ. ನಿನ್ನ ವಾರಗಿತ್ತಿ ಹೋದಳಲ್ಲ, ನೀನೂ ಹೋಗು ಅಂದರೂ ಕೇಳುವುದಿಲ್ಲ. ಒರ್ಫಾಳನ್ನು ಕೆಟ್ಟವಳು ಅಂತ ಮಾಡಿಬಿಟ್ಟರೆ ರೂತ್ ಮಾಡಿದ್ದು ಬರೀ ಕರ್ತವ್ಯ ಆಗಿಬಿಡುತ್ತಿತ್ತು. ಕಥೆ ಬರೆದವರು ಹಾಗೆ ಮಾಡಿಲ್ಲ.

ಬೇತ್ಲೆಹೇಮಿಗೆ ಬರುವಾಗ ಜವೆಗೋಧಿಯ ಕೊಯ್ಲು. ಇಸ್ರಾಯೇಲ್ಯರ ಕಾನೂನಿನಲ್ಲಿ ಹೊಲದ ಮೂಲೆಗಳನ್ನು ಕೊಯ್ಯದೆ ಬಿಡಬೇಕು. ಬಿದ್ದ ತೆನೆ, ಮರೆತ ಸಿವುಡು ಬಡವರಿಗೆ, ಪರದೇಶಿಗೆ, ವಿಧವೆಗೆ, ಅನಾಥರಿಗೆ. ರೂತ್ ಹಕ್ಕಲಾಯಲು ಹೋಗುತ್ತಾಳೆ. ಹೊಲ ಬೋವಜನದು, ನೊವೊಮಿಯ ಗಂಡನ ಕಡೆಯ ನೆಂಟ. ಕಾನೂನು ಪ್ರಕಾರ ಅವಳನ್ನು ಹೊಲದಿಂದ ಓಡಿಸದೇ ಇದ್ದರೆ ಅವನ ಕೆಲಸ ಮುಗಿಯಿತು. ಅವನು ಏನು ಮಾಡುತ್ತಾನೆ ನೋಡಿ. ಆಳುಗಳು ಸೇದಿಟ್ಟ ನೀರನ್ನೇ ಕುಡಿ ಅನ್ನುತ್ತಾನೆ. ಊಟದ ಹೊತ್ತಿಗೆ ಹುರಿದ ಕಾಳನ್ನು ತಾನೇ ಕೊಡುತ್ತಾನೆ. ಆಳುಗಳನ್ನು ಕರೆದು, ಕಟ್ಟಿನಿಂದ ಒಂದಿಷ್ಟು ತೆನೆಗಳನ್ನು ಬೇಕೆಂತಲೇ ಎಳೆದು ಬೀಳಿಸಿ, ಅವಳು ಆಯ್ದುಕೊಳ್ಳಲಿ, ಗದರಿಸಬೇಡಿ ಅನ್ನುತ್ತಾನೆ. ಸಂಜೆ ಬಡಿದು ನೋಡಿದರೆ ಒಂದು ಏಫಾದಷ್ಟು ಕಾಳು, ನಮ್ಮ ಲೆಕ್ಕದಲ್ಲಿ ಸುಮಾರು 20 ಲೀಟರಿಗೂ ಜಾಸ್ತಿ. ಹಕ್ಕಲಾಯುವವಳಿಗೆ ಒಂದು ದಿನಕ್ಕೆ ಅಷ್ಟು ಸಿಗುವುದುಂಟೇ? ಮಧ್ಯಾಹ್ನ ತಿಂದು ಮಿಕ್ಕಿದ ಹುರಿಗಾಳನ್ನೂ ರೂತ್ ಎತ್ತಿಟ್ಟುಕೊಂಡು ಬಂದು ಅತ್ತೆಯ ಕೈಗೆ ಕೊಡುತ್ತಾಳೆ.

ಅದನ್ನು ನೋಡಿ ನೊವೊಮಿ ಹೇಳುವ ಮಾತಿನಲ್ಲಿ ಎರಡನೇ ಸಲ ಹೆಸೆದ್ ಬರುತ್ತದೆ. ಬದುಕಿರುವವರ ಜೊತೆ, ಸತ್ತವರ ಜೊತೆ ‘ತನ್ನ ಹೆಸೆದ್ ಬಿಡದವನು’ ಅನ್ನುತ್ತಾಳೆ. ಯಾರು ಬಿಡದವನು, ದೇವರೋ ಬೋವಜನೋ? ಹೀಬ್ರೂ ವಾಕ್ಯ ಎರಡಕ್ಕೂ ಒಗ್ಗುತ್ತದೆ, ಪಂಡಿತರು ಇಂದಿಗೂ ಜಗ್ಗಾಡುತ್ತಾರೆ. ಜಗ್ಗಾಟ ಬಗೆಹರಿಯುವುದು ಬೇಡ ಅಂತಲೇ ನನ್ನ ಆಸೆ. ಎರಡೂ ಒಂದರೊಳಗೊಂದು ಸೇರಿಕೊಂಡಿರುವುದೇ ಆ ವಾಕ್ಯದ ಚೆಂದ.

ಮೂರನೇ ಸಲ ಬರುವುದು ರಾತ್ರಿ, ಕಣದಲ್ಲಿ. ನೀನು ನಮ್ಮ ಹತ್ತಿರದ ನೆಂಟ, ನನ್ನನ್ನು ಮದುವೆ ಆಗು ಅನ್ನುವ ಅರ್ಥ ಬರುವ ಹಾಗೆ ರೂತ್ ಬೋವಜನನ್ನು ಕೇಳುತ್ತಾಳೆ. ಅವನು ವಯಸ್ಸಾದವನು. ನಿನ್ನ ಮೊದಲ ಹೆಸೆದ್‌ಗಿಂತ ಇದು ದೊಡ್ಡದು, ಬಡವನೋ ಶ್ರೀಮಂತನೋ, ಯಾವ ಹುಡುಗನ ಹಿಂದೆಯೂ ನೀನು ಹೋಗಲಿಲ್ಲ ಅನ್ನುತ್ತಾನೆ. ಆ ಮನೆಯ ಹೆಸರು ಉಳಿಯಲಿ ಅಂತ ಅವಳು ಬಂದಿದ್ದಾಳೆ ಅನ್ನುವುದು ಅವನಿಗೆ ಗೊತ್ತು. ಅವನಿಗಿಂತ ಹತ್ತಿರದ ನೆಂಟ ಇನ್ನೊಬ್ಬ ಇದ್ದಾನೆ. ಊರ ಬಾಗಿಲಲ್ಲಿ ಪಂಚಾಯಿತಿ ಕೂತಾಗ ಅವನು, ಜಮೀನು ಬೇಕು, ಆದರೆ ಈ ಮದುವೆಯಿಂದ ನನ್ನ ಆಸ್ತಿಗೆ ಪೆಟ್ಟು ಬೀಳುತ್ತದೆ ಅಂತ ಹಿಂದೆ ಸರಿಯುತ್ತಾನೆ. ಅವನನ್ನೂ ಯಾರೂ ಬೈಯುವುದಿಲ್ಲ. ಕಥೆ ಅವನಿಗೆ ಹೆಸರನ್ನು ಮಾತ್ರ ಕೊಟ್ಟಿಲ್ಲ, ‘ಪೆಲೋನಿ ಅಲ್ಮೋನಿ’, ಯಾರೋ ಒಬ್ಬ, ಅಂತ ಬಿಟ್ಟಿದೆ.

ಮೋವಾಬ್ಯರ ಬಗ್ಗೆ ಬೈಬಲ್ಲಿನ ಧರ್ಮೋಪದೇಶಕಾಂಡ ಏನು ಹೇಳುತ್ತದೆ ಅನ್ನುವುದೂ ಇಲ್ಲಿ ಗೊತ್ತಿರಬೇಕು. ಐಗುಪ್ತದಿಂದ (ಈಜಿಪ್ಟಿನಿಂದ) ಇಸ್ರಾಯೇಲ್ಯರು ನಡೆದು ಬರುವಾಗ ಅನ್ನ ನೀರು ಕೊಡಲಿಲ್ಲ ಅನ್ನುವ ಕಾರಣಕ್ಕೆ ಹತ್ತು ತಲೆಮಾರಾದರೂ ಅವರನ್ನು ಸಭೆಗೆ ಸೇರಿಸಬೇಡಿ ಅನ್ನುತ್ತದೆ. ಈ ಕಥೆಯಲ್ಲಿ ಯೆಹೂದಿ ಅತ್ತೆಗೆ ಅನ್ನ ತಂದುಹಾಕುವವಳು ಮೋವಾಬಿನ ಹೆಣ್ಣು. ಅವಳ ಮೊಮ್ಮಗನ ಮಗ ಯಾರು ನೋಡಿ: ಅವಳ ಮಗ ಓಬೇದ, ಅವನ ಮಗ ಇಷಯ, ಇಷಯನ ಮಗ ರಾಜ ದಾವೀದ. ರೂತಳ ಪುಸ್ತಕದಲ್ಲಿ ಮಡಿ ಮೈಲಿಗೆಯ ನಿಯಮ ಇಲ್ಲ, ಯಾವುದು ಸಲ್ಲುತ್ತದೆ ಯಾವುದು ಸಲ್ಲದು ಅನ್ನುವುದೂ ಇಲ್ಲ, ಮತ್ತೆ ಯಾಕೆ ಬರೆದರು ಅಂತ ಹಳೆಯ ಕಾಲದ ಯೆಹೂದಿ ಧರ್ಮಗುರು ರಬ್ಬಿ ಝೇರಾ ಕೇಳಿ, ಹೆಸೆದ್ ಮಾಡುವವರಿಗೆ ಎಷ್ಟು ದೊಡ್ಡ ಫಲ ಇದೆ ಅಂತ ಕಲಿಸಲು ಅಂತ ತಾನೇ ಉತ್ತರ ಹೇಳಿದ್ದಾನೆ.

ಈ ಪದದ ಮೇಲೆ ಆಧುನಿಕ ಕಾಲದಲ್ಲಿ ದೊಡ್ಡ ಚರ್ಚೆ ಎಬ್ಬಿಸಿದವನು ನೆಲ್ಸನ್ ಗ್ಲೂಕ್. ಅಮೆರಿಕದ ರಬ್ಬಿ, ಮುಂದೆ ಹೆಸರಾಂತ ಪುರಾತತ್ವಜ್ಞ. 1961ರಲ್ಲಿ ಕೆನಡಿ ಅಧ್ಯಕ್ಷರಾದ ಸಮಾರಂಭದಲ್ಲಿ ಪ್ರಾರ್ಥನೆ ಹೇಳಿದವರಲ್ಲಿ ಒಬ್ಬ. ತರುಣನಾಗಿದ್ದಾಗ ಜರ್ಮನಿಯಲ್ಲಿ ಹೆಸೆದ್ ಬಗ್ಗೆ ಅವನು ಬರೆದ ಪ್ರಬಂಧ 1927ರಲ್ಲಿ ಅಚ್ಚಾಯಿತು. ಅವನ ವಾದ ಹೀಗೆ: ಹೆಸೆದ್ ಅಂದರೆ ಮನಸ್ಸಿಗೆ ಬಂದು ತೋರಿಸುವ ದಯೆ ಅಲ್ಲ. ನೆಂಟರು, ಅತಿಥಿ ಮತ್ತು ಮನೆಯವರು, ಒಪ್ಪಂದ ಮಾಡಿಕೊಂಡವರು, ರಾಜ ಮತ್ತು ಪ್ರಜೆ, ಹೀಗೆ ನಂಟಿರುವವರು ಒಬ್ಬರಿಗೊಬ್ಬರು ಸಲ್ಲಿಸಬೇಕಾದದ್ದು. ಕೊಟ್ಟು ತೆಗೆದುಕೊಳ್ಳುವ ಬಾಬತ್ತು.

ಇದು ಒಂದು ಕಡೆಯಿಂದ ಸರಿ. ಆದರೆ ಒರ್ಫಾ ಇಲ್ಲಿ ತೊಡಕಾಗುತ್ತಾಳೆ. ಸಲ್ಲಿಸಲೇಬೇಕಾದ ಬಾಕಿ ಆಗಿದ್ದರೆ ಅವಳು ಬಾಕಿ ಉಳಿಸಿಕೊಂಡು ಹೋದವಳಾಗಬೇಕಿತ್ತು, ಅಲ್ವಾ? 1978ರಲ್ಲಿ ಕ್ಯಾಥರಿನ್ ಡೂಬ್ ಸಾಕನ್‌ಫೆಲ್ಡ್ ಅನ್ನುವ ವಿದ್ವಾಂಸೆ ಈ ತೊಡಕನ್ನು ಬಿಡಿಸಿದರು. ಅವರು ಹೇಳಿದ್ದು: ನಂಟು ಇರಬೇಕು, ನಿಜ. ಒಬ್ಬರು ದೊಡ್ಡ ಕಷ್ಟದಲ್ಲಿರಬೇಕು, ತಾವಾಗಿ ದಾಟಲಾರದ ಕಷ್ಟ. ಇನ್ನೊಬ್ಬರ ಕೈಯಲ್ಲಿ ಅದನ್ನು ನೀಗಿಸುವ ಶಕ್ತಿ ಇರಬೇಕು. ಆದರೆ ಆ ಶಕ್ತಿ ಇರುವವರನ್ನು ಯಾವ ಕಾನೂನೂ ಬಲವಂತ ಮಾಡುವಂತಿರುವುದಿಲ್ಲ. ಮಾಡದೇ ಬಿಡುವ ಸ್ವಾತಂತ್ರ್ಯ ಅವರಿಗೆ ಇದ್ದೇ ಇರುತ್ತದೆ. ನನಗೆ ಗ್ಲೂಕ್‌ಗಿಂತ ಇವರ ಮಾತೇ ಹೆಚ್ಚು ಒಪ್ಪುತ್ತದೆ.

ದಾವೀದನ ಒಂದು ಪ್ರಸಂಗ ಇಟ್ಟು ನೋಡಿ. ಸೌಲ ರಾಜನ ಮಗ ಯೋನಾತಾನ ದಾವೀದನ ಗೆಳೆಯ. ಮುಂದೆ ಪಟ್ಟ ದಾವೀದನಿಗೇ ಹೋಗುತ್ತದೆ ಅಂತ ಗೊತ್ತಾಗಿ, ನನ್ನ ಮನೆಯವರ ಜೊತೆ ಹೆಸೆದ್ ಬಿಡಬೇಡ ಅಂತ ಮಾತು ತೆಗೆದುಕೊಂಡಿರುತ್ತಾನೆ. ಆಮೇಲೆ ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಅಪ್ಪ ಮಗ ಇಬ್ಬರೂ ಸಾಯುತ್ತಾರೆ. ದಾವೀದ ರಾಜನಾಗುತ್ತಾನೆ. ಹೊಸ ರಾಜ ಹಳೆಯ ರಾಜನ ವಂಶವನ್ನು ಉಳಿಸದಿರುವುದು ಆ ಕಾಲದ ಪದ್ಧತಿ. ದಾವೀದ ಕೇಳುತ್ತಾನೆ: ಸೌಲನ ಮನೆಯವರು ಯಾರಾದರೂ ಉಳಿದಿದ್ದಾರಾ? ಯೋನಾತಾನನಿಗೋಸ್ಕರ ಹೆಸೆದ್ ಮಾಡಬೇಕು. ಯೋನಾತಾನನ ಮಗ ಮೆಫೀಬೋಶೆತ ಸಿಗುತ್ತಾನೆ. ಐದು ವರ್ಷದವನಾಗಿದ್ದಾಗ ಎತ್ತಿಕೊಂಡು ಓಡುತ್ತಿದ್ದ ದಾದಿಯ ಕೈಯಿಂದ ಬಿದ್ದು ಎರಡೂ ಕಾಲು ಕುಂಟಾದವನು. ಸತ್ತ ನಾಯಿಯಂಥ ನನ್ನನ್ನು ಯಾಕೆ ನೋಡುತ್ತೀರಿ ಅಂತ ಹೆದರುತ್ತಾನೆ. ದಾವೀದ ಅಜ್ಜನ ಜಮೀನನ್ನೆಲ್ಲ ಅವನಿಗೆ ಬಿಟ್ಟುಕೊಟ್ಟು, ದಿನಾ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಳ್ಳುತ್ತಾನೆ. ಮಾತು ತೆಗೆದುಕೊಂಡವನು ಸತ್ತಿದ್ದಾನೆ. ಮುರಿದರೆ ಕೇಳುವವರಿಲ್ಲ. ಎದುರಾಳಿಯ ಮೊಮ್ಮಗನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳುವ ಉಪಾಯವೂ ಇದರಲ್ಲಿತ್ತು ಅನ್ನುವವರಿದ್ದಾರೆ. ಇದ್ದರೂ ಇರಬಹುದು, ದಾವೀದ ಅಂಥ ಸಾಧುವೇನಲ್ಲ.

ದೇವರ ವಿಷಯಕ್ಕೆ ಬಂದಾಗಲೂ ಪದ ಇದೇ ಅರ್ಥವನ್ನು ಹೊತ್ತುಕೊಂಡೇ ಹೋಗುತ್ತದೆ. ಜನ ಬಂಗಾರದ ಕರು ಮಾಡಿ ಕುಣಿದು, ಒಪ್ಪಂದದ ಕಲ್ಲಿನ ಹಲಗೆಗಳು ಒಡೆದ ಮೇಲೆ, ಮೋಶೆ ಮತ್ತೆ ಬೆಟ್ಟ ಹತ್ತುತ್ತಾನೆ. ಆಗ ದೇವರು ತನ್ನನ್ನು ‘ರವ್ ಹೆಸೆದ್’, ಹೆಸೆದ್ ಬೇಕಾದಷ್ಟು ಇರುವವನು ಅಂತ ಹೇಳಿಕೊಳ್ಳುತ್ತಾನೆ. ಒಪ್ಪಂದ ಮುರಿದವರು ಜನ. ಕೈಬಿಡಲು ದೇವರಿಗೆ ಪೂರ್ತಿ ಹಕ್ಕಿತ್ತು. ಹೋಶೇಯ ಇದನ್ನೇ ತಿರುಗಿಸಿ ಜನರನ್ನು ಬೈಯುತ್ತಾನೆ: ನಿಮ್ಮ ಹೆಸೆದ್ ಬೆಳಗಿನ ಮಂಜು, ಬೇಗ ಆರಿಹೋಗುವ ಇಬ್ಬನಿ. ಇನ್ನು 23ನೇ ಕೀರ್ತನೆಯ ಕೊನೆಯಲ್ಲಿ ಶುಭವೂ ಕೃಪೆಯೂ ನನ್ನನ್ನು ‘ಹಿಂಬಾಲಿಸುತ್ತವೆ’ ಅಂತ ಓದುತ್ತೇವಲ್ಲ, ಅಲ್ಲಿರುವ ಕ್ರಿಯಾಪದ ‘ರದಫ್’. ಶತ್ರುವನ್ನು ಅಟ್ಟಿಸಿಕೊಂಡು ಹೋಗುವುದಕ್ಕೆ ಬಳಸುವ ಪದ. ಹೆಸೆದ್ ಅಲ್ಲಿ ಮೆಲ್ಲಗೆ ಹಿಂದೆ ಬರುತ್ತಿಲ್ಲ, ಬೆನ್ನಟ್ಟಿ ಬರುತ್ತಿದೆ.

ಒಂದು ವಿಚಿತ್ರವನ್ನೂ ಹೇಳಿಬಿಡಬೇಕು. ಯಾಜಕಕಾಂಡದ 20ನೇ ಅಧ್ಯಾಯದಲ್ಲಿ ಅಣ್ಣ ತಂಗಿ ಕೂಡುವುದನ್ನು ನಿಷೇಧಿಸುತ್ತಾ ‘ಹೆಸೆದ್ ಹೂ’, ಅದು ಹೆಸೆದ್, ಅನ್ನುತ್ತದೆ. ಅಲ್ಲಿ ಅರ್ಥ ನಾಚಿಕೆಗೇಡು. ಅರಮಾಯಿಕ್ ಭಾಷೆಯಲ್ಲಿ ಇಂಥದೇ ಪದಕ್ಕೆ ಅವಮಾನ ಅನ್ನುವ ಅರ್ಥ ಇದೆ, ಅದು ಇಲ್ಲಿ ನುಸುಳಿದೆ ಅಂತ ಮಧ್ಯಯುಗದ ವ್ಯಾಖ್ಯಾನಕಾರ ರಾಶಿ ಹೇಳುತ್ತಾನೆ.

ಹೆಸೆದ್ ಮಾಡುವವನು ‘ಹಸೀದ್’. 18ನೇ ಶತಮಾನದಲ್ಲಿ ಪೂರ್ವ ಯುರೋಪಿನಲ್ಲಿ ಬಾಲ್ ಶೆಮ್ ಟೋವ್ ಅನ್ನುವ ಗುರುವಿನ ಹಿಂದೆ ಬಂದವರಿಗೆ ‘ಹಸಿದೀಮ್’ ಅನ್ನುವ ಹೆಸರು ನಿಂತಿತು. ಕೊಕ್ಕರೆಗೆ ಹೀಬ್ರೂವಿನಲ್ಲಿ ‘ಹಸಿದಾ’. ಅದಕ್ಕೆ ಯಾಕೆ ಆ ಹೆಸರು ಅಂದರೆ ತನ್ನ ಜೊತೆಯ ಹಕ್ಕಿಗಳೊಂದಿಗೆ ಹೆಸೆದ್‌ನಿಂದ ನಡೆದುಕೊಳ್ಳುತ್ತದೆ ಅಂತ ಯೆಹೂದ್ಯರ ಧರ್ಮಚರ್ಚೆಗಳ ಗ್ರಂಥ ತಾಲ್ಮುದ್ ಹೇಳುತ್ತದೆ, ಅಂದರೆ ಆಹಾರ ಹಂಚಿಕೊಳ್ಳುತ್ತದೆ ಅಂತ ರಾಶಿಯ ವಿವರಣೆ. ಹಾಗಿದ್ದರೆ ಅದು ತಿನ್ನಬಾರದ ಅಶುದ್ಧ ಹಕ್ಕಿಗಳ ಪಟ್ಟಿಯಲ್ಲಿ ಯಾಕಿದೆ? ತನ್ನವರಿಗೆ ಮಾತ್ರ ಹಂಚುತ್ತದೆ, ಅದಕ್ಕೇ, ಅಂತ ಮುಂದಿನ ಕಾಲದ ಹಸಿದೀ ಗುರುಗಳು ಉತ್ತರ ಕೊಟ್ಟರು. ನಾಜಿಗಳ ಕಾಲದಲ್ಲಿ ಪ್ರಾಣ ಪಣಕ್ಕಿಟ್ಟು ಯೆಹೂದ್ಯರನ್ನು ಬಚ್ಚಿಟ್ಟು ಕಾಪಾಡಿದ ಬೇರೆ ಜನರಿಗೆ ಜೆರುಸಲೇಮಿನ ಯಾದ್ ವಶೇಮ್ ಸಂಸ್ಥೆ 1963ರಿಂದ ಗೌರವ ಕೊಡುತ್ತಾ ಬಂದಿದೆ. ಈವರೆಗೆ 28,000ಕ್ಕೂ ಜಾಸ್ತಿ ಜನ. ಅವರ ಬಿರುದು ‘ಹಸಿದೇ ಉಮೋತ್ ಹಓಲಾಮ್’, ಲೋಕದ ಜನಾಂಗಗಳ ಹಸೀದ್‌ಗಳು. ಗ್ಲೂಕ್ ಹೇಳಿದ ನಂಟು ಇಲ್ಲಿ ಹಲವು ಸಲ ಇರಲೇ ಇಲ್ಲ, ಬಾಗಿಲು ತಟ್ಟಿದವರು ಅಪರಿಚಿತರು. ಬೈಬಲ್ಲಿನ ಕಾಲಕ್ಕಿಂತ ಪದ ಅಷ್ಟು ಅಗಲ ಆಗಿದೆ.

ಅಗಲ ಮಾಡಿದವರು ರಬ್ಬಿಗಳು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ನೆಲಸಮ ಮಾಡಿದರು. ಬಲಿ ನಿಂತಿತು. ಆ ಹಾಳು ಕಂಡು ರಬ್ಬಿ ಯೆಹೋಶುವ, ನಮ್ಮ ಪಾಪ ತೊಳೆಯುತ್ತಿದ್ದ ಜಾಗವೇ ಹೋಯಿತಲ್ಲ ಅಂತ ಅತ್ತ. ಗುರು ಯೋಹಾನಾನ್ ಬೆನ್ ಝಕ್ಕಾಯ್ ಸಮಾಧಾನ ಹೇಳಿದ: ಮಗು, ಅದಕ್ಕೆ ಸಮನಾದದ್ದು ಇನ್ನೊಂದು ನಮ್ಮ ಹತ್ತಿರ ಇದೆ, ‘ಗೆಮಿಲುತ್ ಹಸಾದಿಮ್’. ಅಂದರೆ ಹೆಸೆದ್‌ನ ಕೆಲಸಗಳು. ಆಧಾರಕ್ಕೆ ಯಜ್ಞ ಬೇಡ, ಹೆಸೆದ್ ಬೇಕು ಅನ್ನುವ ಹೋಶೇಯನ ಮಾತನ್ನೇ ಎತ್ತಿ ಹೇಳಿದ.

ಕೆಲಸಗಳು ಯಾವುವು? ಕಾಯಿಲೆಯವರನ್ನು ನೋಡಲು ಹೋಗುವುದು. ಮದುವೆ ಹೆಣ್ಣಿಗೆ ಬೇಕಾದದ್ದು ಒದಗಿಸುವುದು. ಸಾವಾದ ಮನೆಯಲ್ಲಿ ಹೋಗಿ ಕೂರುವುದು. ಹೆಣ ಸಾಗಿಸುವುದು. ಕೊನೆಯದಕ್ಕೆ ಬೇರೆಯೇ ಹೆಸರಿದೆ. ಯಾಕೋಬ ಸಾಯುವಾಗ ಮಗ ಯೋಸೇಫನನ್ನು ಕರೆದು, ನನ್ನ ಜೊತೆ ‘ಹೆಸೆದ್ ವೆಎಮೆತ್’ ಮಾಡು, ಐಗುಪ್ತದಲ್ಲಿ ಹೂಳಬೇಡ ಅನ್ನುತ್ತಾನೆ. ಎಮೆತ್ ಅಂದರೆ ಸತ್ಯ. ಸತ್ತವರಿಗೆ ಮಾಡುವುದೇ ಸತ್ಯವಾದ ಹೆಸೆದ್, ಯಾಕಂದರೆ ಅವರಿಂದ ವಾಪಸ್ ಏನೂ ಬರುವುದಿಲ್ಲ ಅಂತ ರಾಶಿ ಬರೆದ. ಯೆಹೂದಿ ಊರುಗಳಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ, ಬಿಳಿ ಬಟ್ಟೆ ಉಡಿಸಿ ಮಣ್ಣು ಮಾಡುವ ‘ಹೆವ್ರಾ ಕದೀಶಾ’ ಮಂಡಳಿಗಳು ತಾವು ಮಾಡುವುದನ್ನು ಇಂದಿಗೂ ‘ಹೆಸೆದ್ ಶೆಲ್ ಎಮೆತ್’ ಅನ್ನುತ್ತವೆ.

ದಾನಕ್ಕೆ ಹೀಬ್ರೂವಿನಲ್ಲಿ ‘ತ್ಸೆದಾಕಾ’. ಅದಕ್ಕಿಂತ ಹೆಸೆದ್ ದೊಡ್ಡದು ಅಂತ ತಾಲ್ಮುದ್ ಮೂರು ಕಾರಣ ಕೊಡುತ್ತದೆ. ದಾನ ದುಡ್ಡಿನಿಂದ ಮಾತ್ರ, ಇದು ದುಡ್ಡಿನಿಂದಲೂ ಮೈಬಗ್ಗಿಸಿಯೂ. ದಾನ ಬಡವರಿಗೆ, ಇದು ಶ್ರೀಮಂತರಿಗೂ. ದಾನ ಬದುಕಿರುವವರಿಗೆ, ಇದು ಸತ್ತವರಿಗೂ. ಎರಡನೆಯದು ನನಗೆ ತುಂಬಾ ಇಷ್ಟ. ಶ್ರೀಮಂತನಿಗೂ ಕಾಯಿಲೆ ಬರುತ್ತದೆ, ಅವನ ಮನೆಯಲ್ಲೂ ಸಾವು ಆಗುತ್ತದೆ.

ಗೆಮಿಲುತ್ ಹಸಾದಿಮ್ ಅನ್ನುವುದನ್ನೇ ಚಿಕ್ಕದು ಮಾಡಿ ‘ಗೆಮಾಖ್’ ಅಂತ ಒಂದು ಪದ ಹುಟ್ಟಿದೆ. ಬಡ್ಡಿ ಇಲ್ಲದೆ ಕೈಸಾಲ ಕೊಡುವ ನಿಧಿಗೆ ಮೊದಲು ಆ ಹೆಸರು. ಈಗ ಜೆರುಸಲೇಮ್, ಬ್ರೂಕ್ಲಿನ್‌ನ ಸಾಂಪ್ರದಾಯಿಕ ಯೆಹೂದಿ ಬೀದಿಗಳಲ್ಲಿ ಎಲ್ಲದಕ್ಕೂ ಗೆಮಾಖ್ ಇವೆ. ಮದುವೆ ಗೌನು, ಮಡಚುವ ಕುರ್ಚಿ, ಮಗುವಿನ ತೊಟ್ಟಿಲು, ಅಂಗಡಿ ಮುಚ್ಚಿರುವ ಹೊತ್ತಲ್ಲಿ ಬೇಕಾಗುವ ಔಷಧಿ, ಮಗು ಬಾಯಲ್ಲಿಟ್ಟುಕೊಳ್ಳುವ ನಿಪ್ಪಲ್ ಕೂಡ. ಹೆಚ್ಚಿನವು ಯಾರದೋ ಮನೆಯ ಒಂದು ಕೋಣೆಯಲ್ಲಿ ನಡೆಯುತ್ತವೆ. ಬಾಗಿಲು ತಟ್ಟಿ ಕೇಳಬೇಕು, ಬಳಸಿ ವಾಪಸ್ ಕೊಡಬೇಕು. 1976ರಲ್ಲಿ ಉರಿ ಲುಪೋಲಿಯಾನ್ಸ್ಕಿ ಇದೇ ತತ್ವದಲ್ಲಿ ಜೆರುಸಲೇಮಿನಲ್ಲಿ ಶುರು ಮಾಡಿದ ‘ಯಾದ್ ಸಾರಾ’ ಇವತ್ತು ಇಸ್ರೇಲಿನ ತುಂಬಾ ಗಾಲಿಕುರ್ಚಿ, ಊರುಗೋಲು, ಆಕ್ಸಿಜನ್ ಉಪಕರಣ ಎರವಲು ಕೊಡುತ್ತದೆ.

ಎಷ್ಟು ಮಾಡಬೇಕು ಅನ್ನುವ ಪ್ರಶ್ನೆಯನ್ನು ರಬ್ಬಿಗಳು ಬಿಟ್ಟಿಲ್ಲ. ಇಷ್ಟೇ ಅಂತ ಅಳತೆ ಇಲ್ಲದ ಕೆಲಸಗಳ ಪಟ್ಟಿಯೊಂದು ಯೆಹೂದಿ ಕಟ್ಟಳೆಗಳ ಹಳೆಯ ಸಂಗ್ರಹ ಮಿಶ್ನಾದಲ್ಲಿದೆ, ಯೆಹೂದ್ಯರು ಅದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಹೇಳಿಕೊಳ್ಳುತ್ತಾರೆ. ಹೊಲದ ಮೂಲೆ ಬಿಡುವುದು ಅದರಲ್ಲಿ ಮೊದಲು ಬರುತ್ತದೆ, ಗೆಮಿಲುತ್ ಹಸಾದಿಮ್ ಕೂಡ ಅಲ್ಲಿದೆ. ಆದರೆ ಇನ್ನೊಂದು ಕಡೆ, ಕೊಡುವವನು ತನ್ನ ಆಸ್ತಿಯ ಐದನೇ ಒಂದು ಪಾಲಿಗಿಂತ ಜಾಸ್ತಿ ಖರ್ಚು ಮಾಡಬಾರದು, ಮಾಡಿದರೆ ಅವನೇ ಇನ್ನೊಬ್ಬರ ಬಾಗಿಲಿಗೆ ಹೋಗಬೇಕಾಗುತ್ತದೆ ಅಂತ ಉಶಾ ಊರಿನ ಸಭೆ ಕಟ್ಟಳೆ ಮಾಡಿತು. ಅಳತೆ ಇಲ್ಲ ಅಂದಮೇಲೆ ಐದನೇ ಒಂದು ಎಲ್ಲಿಂದ ಬಂತು? ಜೆರುಸಲೇಮ್ ತಾಲ್ಮುದ್ ಎರಡನ್ನೂ ಹೀಗೆ ಹೊಂದಿಸುತ್ತದೆ: ಮಿತಿ ಹಾಕಿದ್ದು ದುಡ್ಡಿಗೆ, ಮೈಯಿಂದ ಮಾಡುವ ಕೆಲಸಕ್ಕಲ್ಲ.